ಕ್ಯೋಟೊದ ಗಿಯೋನ್‌ಗೆ ಹೋಗುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನ್ ಟ್ರಿಪ್ ಅಂದ ಕೂಡಲೇ ಜನ ಮೊದಲು ಬುಲೆಟ್ ಟ್ರೇನ್ ಬಗ್ಗೆ ಕೇಳುತ್ತಾರೆ, ಆಮೇಲೆ ಸಸ್ಯಾಹಾರದ ಬಗ್ಗೆ. ಮೂರನೆಯದು ಸ್ವಲ್ಪ ದನಿ ತಗ್ಗಿಸಿ ಬರುತ್ತದೆ: "ಗೇಶಾ ನೋಡಬಹುದಾ?" ಗೇಶಾ ಅಂದರೆ ಅತಿಥಿಗಳ ಮುಂದೆ ಹಾಡಿ ಕುಣಿಯುವ ಸಾಂಪ್ರದಾಯಿಕ ಕಲಾವಿದೆ, ಗಿಯೋನ್ ಅವರ ಹೆಸರಾಂತ ಬಡಾವಣೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಮೆಸೇಜ್‌ಗಳಲ್ಲಿ ಮತ್ತೆ ಮತ್ತೆ ಬಂದ ಇಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲ ಸಲ ಹೋಗುವವರಿಗೆ

ಗಿಯೋನ್ ಅಂದ್ರೆ ಏನು? ಒಂದು ಬೀದಿನಾ, ಇಡೀ ಏರಿಯಾನಾ?

ಏರಿಯಾ. ಕ್ಯೋಟೊ ನಗರದ ಪೂರ್ವಕ್ಕೆ, ಕಾಮೊ ನದಿ ದಾಟಿದರೆ ಯಸಕ ದೇವಸ್ಥಾನದ ತನಕ ಹಬ್ಬಿರುವ ಭಾಗ. ದೇವಸ್ಥಾನಕ್ಕೆ ಬರುವ ಭಕ್ತರಿಗೆ ಚಹಾ ಕೊಡುತ್ತಿದ್ದ ಅಂಗಡಿಗಳು ಇಲ್ಲಿ ಮೊದಲು ಹುಟ್ಟಿದವು. ಚಹಾದ ಜೊತೆ ತಿಂಡಿ ಬಂತು, ಸಾಕೆ ಅನ್ನುವ ಅಕ್ಕಿಯ ಮದ್ಯ ಬಂತು, ಹಾಡು ಕುಣಿತ ಬಂತು. ಹೀಗೆ ಬೆಳೆದ ಮನೆಗಳೇ ಈಗಿನ 'ಓಚಾಯಾ'ಗಳು, ಅಂದರೆ ಗೇಶಾಗಳನ್ನು ಕರೆಸಿ ಕೂಟ ನಡೆಸುವ ಮನೆಗಳು.

ಶಿಜೊ ಅನ್ನುವ ದೊಡ್ಡ ರಸ್ತೆ ಗಿಯೋನ್ ಅನ್ನು ಎರಡು ಭಾಗ ಮಾಡುತ್ತದೆ. ದಕ್ಷಿಣಕ್ಕೆ ಎಲ್ಲರೂ ಫೋಟೊದಲ್ಲಿ ನೋಡಿರುವ ಹನಾಮಿಕೋಜಿ ಬೀದಿ. ಉತ್ತರಕ್ಕೆ ಶಿರಕವಾ ಅನ್ನುವ ಸಣ್ಣ ಹೊಳೆ ಮತ್ತು ಶಿಂಬಾಶಿ ಬೀದಿ. ಶಿಂಬಾಶಿಯನ್ನು 1976ರಲ್ಲೇ ಪಾರಂಪರಿಕ ಕಟ್ಟಡಗಳ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಗುರುತಿಸಿತು. ನನ್ನನ್ನು ಕೇಳಿದರೆ ಇದೇ ಹೆಚ್ಚು ಚೆಂದ, ಜನವೂ ಕಡಿಮೆ.

ಗೇಶಾ ಬಡಾವಣೆಗೆ ಜಪಾನಿನಲ್ಲಿ 'ಹನಮಾಚಿ' ಅನ್ನುತ್ತಾರೆ. ಕ್ಯೋಟೊದಲ್ಲಿ ಐದಿವೆ: ಗಿಯೋನ್ ಕೋಬು, ಗಿಯೋನ್ ಹಿಗಾಶಿ, ಪೊಂಟೊಚೊ, ಮಿಯಾಗವಾಚೊ, ಕಮಿಶಿಚಿಕೆನ್. ಟೂರಿಸ್ಟ್‌ಗಳು ಗಿಯೋನ್ ಅಂದಾಗ ಸಾಮಾನ್ಯವಾಗಿ ಗಿಯೋನ್ ಕೋಬು ಅಂತ ಅರ್ಥ.

ಗೇಶಾ, ಗೇಕೊ, ಮೈಕೊ... ಯಾರು ಯಾರು?

ಗೇಶಾ ಅನ್ನುವುದು ಹೊರಗಿನವರ ಮಾತು, ಟೋಕಿಯೊ ಕಡೆಯ ಮಾತು. ಕ್ಯೋಟೊದಲ್ಲಿ 'ಗೇಕೊ' ಅನ್ನುತ್ತಾರೆ. ಕಲಿಯುವ ಹಂತದಲ್ಲಿರುವ ಹುಡುಗಿ 'ಮೈಕೊ'. ವಯಸ್ಸು ಹೆಚ್ಚುಕಡಿಮೆ 15ರಿಂದ 20. ನೋಡಲು ಮೈಕೊಳೇ ಹೆಚ್ಚು ಬಣ್ಣಬಣ್ಣವಾಗಿರುತ್ತಾಳೆ: ತಲೆಯಲ್ಲಿ ರೇಷ್ಮೆ ಹೂವಿನ ಗೊಂಚಲು, ಬೆನ್ನ ಹಿಂದೆ ಕಾಲಿನವರೆಗೂ ಇಳಿಬಿದ್ದ ನಡುಪಟ್ಟಿ, ಎತ್ತರದ ಮರದ ಚಪ್ಪಲಿ. ಗೇಕೊ ಆದ ಮೇಲೆ ಉಡುಪು ಸರಳವಾಗುತ್ತದೆ. ಆಗ ಜನ ನೋಡುವುದು ಅವಳ ಕಲೆಯನ್ನು, ಅಲಂಕಾರವನ್ನಲ್ಲ. ಫೋಟೊದಲ್ಲಿ ನೀವು "ಗೇಶಾ" ಅಂದುಕೊಂಡವರಲ್ಲಿ ಮುಕ್ಕಾಲು ಪಾಲು ಮೈಕೊಗಳೇ.

ತಪ್ಪು ತಿಳ್ಕೋಬೇಡಿ, ಆದ್ರೆ ಇದು 'ಆ ಥರದ' ಏರಿಯಾ ಅಲ್ವಾ?

ಅಲ್ಲ. ಗೇಕೊ ಮತ್ತು ಮೈಕೊ ಕಲಾವಿದರು. ನೃತ್ಯ, ಶಮಿಸೆನ್ ಅನ್ನುವ ಮೂರು ತಂತಿಯ ವಾದ್ಯ, ಹಾಡು, ಅತಿಥಿಗಳ ಜೊತೆ ಮಾತು, ಆಟ. ಇದೇ ಅವರ ಕೆಲಸ. ಎಡೊ ಕಾಲದಲ್ಲಿ (1603-1868) ವೇಶ್ಯಾವಾಟಿಕೆಗೆ ಲೈಸೆನ್ಸ್ ಇದ್ದ ಬಡಾವಣೆಗಳೂ ಇದ್ದವು, ಗೇಶಾಗಳ ಲೈಸೆನ್ಸ್ ಬೇರೆ ಇತ್ತು.

ಹಾಗಂತ ಹಳೆಯ ಕಾಲ ಪೂರ್ತಿ ಶುಭ್ರವಾಗಿತ್ತು ಅನ್ನುವುದೂ ಸುಳ್ಳು. ಬಡ ಮನೆಯ ಹೆಣ್ಣುಮಕ್ಕಳನ್ನು ಮುಂಗಡ ಹಣಕ್ಕೆ ಇಂಥ ಮನೆಗಳಿಗೆ ಒಪ್ಪಿಸುತ್ತಿದ್ದರು. ಆ ಸಾಲ ತೀರಿಸುವುದರಲ್ಲೇ ಅವರ ಹರೆಯ ಕಳೆಯುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಕಾನೂನು ಬದಲಾಯಿತು, 1956ರಲ್ಲಿ ವೇಶ್ಯಾವಾಟಿಕೆ ನಿಷೇಧ ಕಾಯ್ದೆ ಬಂತು. ಈಗ ಮೈಕೊ ಆಗುವವರು ತಾವಾಗಿ ಇಷ್ಟಪಟ್ಟು ಬರುವ ಹುಡುಗಿಯರು. ಅವರಲ್ಲಿ ಬಹಳಷ್ಟು ಜನ ಕ್ಯೋಟೊದ ಹೊರಗಿನವರು.

ಹೋಗೋದು ಹೇಗೆ? ಒಳಗೆ ಹೋಗೋಕೆ ಟಿಕೆಟ್ ಇದ್ಯಾ?

ಟಿಕೆಟ್ ಇಲ್ಲ, ಗೇಟೂ ಇಲ್ಲ. ಊರಿನ ಬೀದಿ ಅದು. ಕ್ಯೋಟೊ ಸ್ಟೇಷನ್ನಿಂದ 206 ನಂಬರ್ ಬಸ್ ಬರುತ್ತದೆ, ಆದರೆ ಸೀಸನ್ನಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕಿಂತ ಜೆಆರ್ ನಾರಾ ಲೈನಿನಲ್ಲಿ ಒಂದೇ ಸ್ಟಾಪ್ ಹೋಗಿ ತೊಫುಕುಜಿಯಲ್ಲಿ ಇಳಿಯಿರಿ. ಅಲ್ಲೇ ಕೇಹಾನ್ ರೈಲು ಹತ್ತಿದರೆ ಗಿಯೋನ್-ಶಿಜೊ ಸ್ಟೇಷನ್. ಹೊರಗೆ ಬಂದು ಯಸಕ ದೇವಸ್ಥಾನದ ಕಡೆ ಐದು ನಿಮಿಷ ನಡೆದರೆ ಬಲಗಡೆ ಮೂಲೆಯಲ್ಲಿ ಕೆಂಪು ಗೋಡೆಯ ದೊಡ್ಡ ಮನೆ ಕಾಣುತ್ತದೆ. ಅದು ಇಚಿರಿಕಿ, ಗಿಯೋನ್‌ನ ಅತಿ ಹೆಸರಾಂತ ಓಚಾಯಾ. ಅಲ್ಲಿಂದ ಒಳಕ್ಕೆ ಹೋಗುವುದೇ ಹನಾಮಿಕೋಜಿ.

ವಯಸ್ಸಾದ ಅಪ್ಪ-ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ. ರಸ್ತೆ ಸಮತಟ್ಟಾಗಿದೆ, ಮೆಟ್ಟಿಲಿಲ್ಲ. ಕೂರಲು ಬೆಂಚು ಮಾತ್ರ ಸಿಗುವುದು ಕಷ್ಟ. ಹನಾಮಿಕೋಜಿಯ ದಕ್ಷಿಣ ತುದಿಯಲ್ಲಿ ಕೆನ್ನಿಂಜಿ ಇದೆ. 1202ರಲ್ಲಿ ಶುರುವಾದ ಇದು ಕ್ಯೋಟೊದ ಅತಿ ಹಳೆಯ ಝೆನ್ ದೇಗುಲ. ಒಳಗೆ ತತಾಮಿ ಚಾಪೆಯ ಮೇಲೆ ತೋಟ ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಹಿರಿಯರನ್ನು ಅಲ್ಲಿ ಕೂರಿಸಿ ನೀವು ಬೀದಿ ಸುತ್ತಿ ಬನ್ನಿ. ಸಂಜೆ ಬೇಗ ಮುಚ್ಚುತ್ತಾರೆ, ಅದನ್ನು ನೋಡಿಕೊಂಡು ಹೋಗಿ.

## ಬೀದಿಯಲ್ಲಿ

ಎಷ್ಟು ಗಂಟೆಗೆ ಹೋದ್ರೆ ಮೈಕೊ ಗ್ಯಾರಂಟಿ ಕಾಣಿಸ್ತಾರೆ?

ಗ್ಯಾರಂಟಿ ಅನ್ನುವ ಮಾತೇ ಇಲ್ಲ. ಇಡೀ ಕ್ಯೋಟೊದಲ್ಲಿ ಮೈಕೊಗಳ ಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ, ಒಂದು ಸಂಜೆ ಹನಾಮಿಕೋಜಿಯಲ್ಲಿ ನಿಂತ ಟೂರಿಸ್ಟ್‌ಗಳು ಸಾವಿರಾರು. ಸಂಜೆ ಐದೂವರೆ, ಆರರ ಹೊತ್ತಿಗೆ ಅವರು ಮನೆಯಿಂದ ಹೊರಟು ಓಚಾಯಾಗೆ ಹೋಗುತ್ತಾರೆ. ಕಂಡರೆ ಆಗ. ಅದೂ ಹತ್ತು ಸೆಕೆಂಡ್. ತುಂಬಾ ಜೋರಾಗಿ ನಡೆಯುತ್ತಾರೆ, ಇಲ್ಲವೇ ಟ್ಯಾಕ್ಸಿಯಲ್ಲಿ ಹೋಗಿಬಿಡುತ್ತಾರೆ.

ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಆಫೀಸಿಗೆ ಲೇಟಾಗಿರುವವರನ್ನು ನೀವು ತಡೆದು ನಿಲ್ಲಿಸುತ್ತೀರಾ? ಟ್ಯಾಕ್ಸಿ ಬಾಗಿಲಿನವರೆಗೂ ಫೋನ್ ಹಿಡಿದು ಓಡುವವರನ್ನು, ತೋಳು ಮುಟ್ಟಿ ನಿಲ್ಲಿಸುವವರನ್ನು ಕಣ್ಣಾರೆ ನೋಡಿದ್ದೇನೆ. ಊರವರ ಸಿಟ್ಟೆಲ್ಲ ಅಂಥವರ ಮೇಲೆ.

ನನ್ನ ಫ್ರೆಂಡ್ ಹಾಡಹಗಲೇ ಮೈಕೊ ಜೊತೆ ಸೆಲ್ಫಿ ತೆಗೆಸ್ಕೊಂಡಿದ್ದಾಳೆ. ಅದು ಹೇಗೆ?

ಅದು ಬಹುಶಃ ಮೈಕೊ ವೇಷ ಹಾಕಿಕೊಂಡ ಟೂರಿಸ್ಟ್. ದುಡ್ಡು ಕೊಟ್ಟರೆ ಮೇಕಪ್ ಮಾಡಿ, ಕಿಮೋನೊ ಉಡಿಸಿ, ಬೀದಿಯಲ್ಲಿ ಫೋಟೊ ತೆಗೆದುಕೊಡುವ ಸ್ಟುಡಿಯೋಗಳಿವೆ. ತಪ್ಪೇನಿಲ್ಲ, ಚೆನ್ನಾಗಿಯೇ ಇರುತ್ತದೆ. ಆದರೆ ನಿಜವಾದ ಮೈಕೊ ಮಧ್ಯಾಹ್ನ ಹನ್ನೆರಡಕ್ಕೆ ನಿಂತು ಪೋಸ್ ಕೊಡುವುದಿಲ್ಲ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಮೊದಲು ನಡಿಗೆ ನೋಡಿ. ಹತ್ತು ಸೆಂಟಿಮೀಟರ್ ಎತ್ತರದ ಆ ಮರದ ಚಪ್ಪಲಿಯಲ್ಲಿ, ಎಡಗೈಯಿಂದ ಕಿಮೋನೊ ಅಂಚು ಎತ್ತಿ ಹಿಡಿದು, ಮೈಕೊ ಸಲೀಸಾಗಿ ಓಡುನಡಿಗೆಯಲ್ಲಿ ಸಾಗುತ್ತಾಳೆ. ವೇಷದವರು ತಡವರಿಸುತ್ತಾರೆ. ಆಮೇಲೆ ಕೂದಲು. ಮೈಕೊಳದು ಸ್ವಂತ ಕೂದಲು, ಹಣೆಯಂಚಿನಲ್ಲಿ ಬಿಳಿ ಬಣ್ಣ ಕೂದಲಿನೊಳಗೆ ಸೇರಿಕೊಂಡಿರುತ್ತದೆ. ವಿಗ್ ಆದರೆ ಅಲ್ಲೊಂದು ಗೆರೆ ಕಾಣುತ್ತದೆ. ಇನ್ನು ಬೆನ್ನಿನ ಕಡೆ ಐದು ಮೀಟರಿಗೂ ಉದ್ದದ ನಡುಪಟ್ಟಿಯ ಕೊನೆಯಲ್ಲಿ ಅವಳ ಮನೆಯ ಲಾಂಛನ ನೇಯ್ದಿರುತ್ತದೆ. ಕತ್ತಿನ ಹಿಂಭಾಗಕ್ಕೂ ಬಿಳಿ ಬಳಿದಿರುತ್ತಾರೆ, ಆದರೆ ಎರಡು ಗೆರೆಯಷ್ಟು ಚರ್ಮ ಹಾಗೇ ಬಿಡುತ್ತಾರೆ. ವಿಶೇಷ ದಿನಗಳಲ್ಲಿ ಮೂರು ಗೆರೆ. ಕೆಳತುಟಿಗೆ ಮಾತ್ರ ಕೆಂಪು ಹಚ್ಚಿದ್ದರೆ ಅವಳು ಇನ್ನೂ ಮೊದಲ ವರ್ಷದ ಮೈಕೊ.

ಫೋಟೊ ತೆಗೆದ್ರೆ 10,000 ಯೆನ್ ದಂಡ ಅಂತಾರೆ. ನಿಜಾನಾ?

ಅರ್ಧ ನಿಜ. ಗಿಯೋನ್ ದಕ್ಷಿಣ ಭಾಗದ ಒಳಗಲ್ಲಿಗಳು ಖಾಸಗಿ ರಸ್ತೆಗಳು. ಅಲ್ಲಿ ಫೋಟೊ ತೆಗೆಯಬಾರದು ಅಂತ 2019ರಲ್ಲಿ ಅಲ್ಲಿನ ನಿವಾಸಿಗಳ ಸಂಘ ಬೋರ್ಡ್ ಹಾಕಿತು. ಅದೂ ಸಾಲದೆ 2024ರಲ್ಲಿ ಕೆಲವು ಗಲ್ಲಿಗಳಿಗೆ ಕಾಲಿಡುವುದನ್ನೇ ನಿಷೇಧಿಸಿದರು. ಮೀರಿದರೆ 10,000 ಯೆನ್ ಅಂತ ಬರೆದಿದೆ.

ಹನಾಮಿಕೋಜಿ ಮಾತ್ರ ಸಾರ್ವಜನಿಕ ರಸ್ತೆ. ಅಲ್ಲಿ ನಡೆಯಬಹುದು, ಬೀದಿಯ ಫೋಟೊ ತೆಗೆಯಬಹುದು. ಮೈಕೊ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಅಷ್ಟೇ. ಶಿರಕವಾ ಹೊಳೆ, ತತ್ಸುಮಿ ಸೇತುವೆ ಕಡೆ ಹೋದರೆ ನೆಮ್ಮದಿಯಾಗಿ ಫೋಟೊ ತೆಗೆಯಬಹುದು. ಸೇತುವೆ ಪಕ್ಕದ ಪುಟ್ಟ ತತ್ಸುಮಿ ಗುಡಿಗೆ ಗೇಕೊ, ಮೈಕೊ ಕೂಡ ಬಂದು ಕೈಮುಗಿಯುತ್ತಾರೆ. ಕಲೆ ಒಲಿಯಲಿ ಅಂತ ಬೇಡುವ ಜಾಗ ಅದು.

ಎಲ್ಲಾ ಮನೆಗಳ ಬಾಗಿಲೂ ಮುಚ್ಚಿರುತ್ತೆ. ಸುಮ್ನೆ ಬೀದಿಯಲ್ಲಿ ನಡೆದು ಏನು ನೋಡೋದು?

ಮುಚ್ಚಿದ ಬಾಗಿಲಲ್ಲೇ ಬೇಕಾದಷ್ಟಿದೆ. ಬಾಗಿಲ ಪಕ್ಕ ಕಣ್ಣಿನ ಎತ್ತರದಲ್ಲಿ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಸಾಲಾಗಿ ಹೊಡೆದಿರುತ್ತಾರೆ. ಒಂದೊಂದರ ಮೇಲೂ ಒಂದೊಂದು ಹೆಸರು: ಆ ಮನೆಗೆ ಸೇರಿದ ಗೇಕೊ, ಮೈಕೊಗಳದು. ಅಂಥ ಮನೆಗೆ 'ಓಕಿಯಾ' ಅನ್ನುತ್ತಾರೆ.

ಮರದ ಸರಳುಗಳ ಮುಂಗಟ್ಟು ನೋಡಿ. ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಗೋಡೆಯ ಬುಡಕ್ಕೆ ಬಾಗಿಸಿ ನಿಲ್ಲಿಸಿದ ಬಿದಿರಿನ ತಡಿಕೆ ಮಳೆಯ ಕೆಸರು ಮತ್ತು ಬೀದಿನಾಯಿಗಳಿಂದ ಗೋಡೆ ಕಾಪಾಡಲು. ಮೇಲಿನ ಮಹಡಿಯಲ್ಲಿ ಬಿದಿರಿನ ಪರದೆ. ಕೆಂಪು ಕಾಗದದ ಲಾಟೀನಿನ ಮೇಲೆ ಒಂದಕ್ಕೊಂದು ಕೋದ ಉಂಡೆಗಳ ಚಿತ್ರ ಇದ್ದರೆ ಅದು ಗಿಯೋನ್ ಕೋಬು ಗುರುತು. ಉಳಿದ ಹನಮಾಚಿಗಳಲ್ಲಿ ಹೆಚ್ಚಿನವಕ್ಕೆ ಬೇರೆ ಚಿತ್ರ. ಮನೆಗಳ ಮುಖ ಕಿರಿದು, ಒಳಗೆ ಉದ್ದಕ್ಕೆ ಹೋಗುತ್ತವೆ. ನಮ್ಮ ಹಳೇ ಪೇಟೆ ಮನೆಗಳ ಹಾಗೆ.

ಕಿಮೋನೊ ಬಾಡಿಗೆಗೆ ತಗೋಬೇಕಾ? ಸೀರೆ ಉಟ್ಕೊಂಡು ಹೋದ್ರೆ ವಿಚಿತ್ರ ಅನ್ಸುತ್ತಾ?

ಎರಡೂ ಆಗುತ್ತದೆ. ಸೀರೆ ನೋಡಿ ಹಿರಿಯ ಜಪಾನಿ ಹೆಂಗಸರು ನಿಂತು ಮಾತಾಡಿಸುತ್ತಾರೆ. ಅವರಿಗೆ ಬಟ್ಟೆಯ ನೇಯ್ಗೆ ಬಗ್ಗೆ ನಿಜವಾದ ಕುತೂಹಲ. ಕಿಮೋನೊ ಉಡುವುದಾದರೆ ಒಂದೇ ನಿಯಮ ನೆನಪಿಡಿ: ಎಡಭಾಗ ಮೇಲೆ ಬರಬೇಕು. ಬಲಭಾಗ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಅಂಗಡಿಯವರು ಸರಿಯಾಗಿಯೇ ಉಡಿಸುತ್ತಾರೆ, ಹೋಟೆಲಿನಲ್ಲಿ ಕೊಡುವ ಯುಕತಾ (ಹತ್ತಿಯ ತೆಳು ಕಿಮೋನೊ) ನೀವೇ ಸುತ್ತಿಕೊಳ್ಳುವಾಗ ಜೋಪಾನ.

ಸಸ್ಯಾಹಾರಿಗಳು ಅಲ್ಲಿ ಏನು ತಿನ್ನೋದು?

ಗಿಯೋನ್‌ನಲ್ಲಿ ಸ್ವಲ್ಪ ಕಷ್ಟ. ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ, 'ದಾಶಿ' ಅನ್ನುತ್ತಾರೆ. ಬೌದ್ಧ ಮಠಗಳ ಊಟವಾದ 'ಶೋಜಿನ್ ರ್ಯೋರಿ' ಪೂರ್ತಿ ಸಸ್ಯಾಹಾರ, ಆದರೆ ಮೊದಲೇ ಬುಕ್ ಮಾಡಬೇಕು. ಮಚ್ಚಾ ಸಿಹಿತಿಂಡಿ ಅಂಗಡಿಗಳು ಬೇಕಾದಷ್ಟಿವೆ. ಜೆಲ್ಲಿ ಇದ್ದರೆ ಜೆಲಟಿನ್ ಹಾಕಿದ್ದಾರಾ ಅಂತ ಕೇಳಿ. 'ಕಾಂತೆನ್' ಅಂದರೆ ಕಡಲಪಾಚಿಯದು, ತಿನ್ನಬಹುದು.

## ಬಾಗಿಲಿನ ಒಳಗೆ

ಓಚಾಯಾ ಅಂದ್ರೆ ಟೀ ಹೌಸ್ ಅಲ್ವಾ? ಒಳಗೆ ಹೋಗಿ ಒಂದು ಟೀ ಕೇಳಬಹುದಾ?

ಬೇಡ. ಅಲ್ಲಿ ಚಹಾ ಮಾರುವುದಿಲ್ಲ. ಪಾರ್ಟಿಗೆ ಕೋಣೆ ಕೊಡುವ, ಗೇಕೊಗಳನ್ನು ಕರೆಸುವ, ಹೊರಗಿನ ಅಡುಗೆಯವರಿಂದ ಊಟ ತರಿಸುವ ಮನೆ ಅದು. ಹಳೆಯ ಗಿರಾಕಿಯೊಬ್ಬರು ಪರಿಚಯ ಮಾಡಿಸದೆ ಹೊಸಬರನ್ನು ಒಳಗೆ ಬಿಡುವುದಿಲ್ಲ. ಇದಕ್ಕೆ 'ಇಚಿಗೆನ್-ಸಾನ್ ಓಕೊತೊವಾರಿ' ಅನ್ನುತ್ತಾರೆ.

ವಿದೇಶಿಯರ ಮೇಲಿನ ದ್ವೇಷ ಅಂತ ತುಂಬಾ ಜನ ತಿಳಿಯುತ್ತಾರೆ. ಅಲ್ಲ, ಟೋಕಿಯೊದಿಂದ ಬಂದ ಜಪಾನಿ ಕೋಟ್ಯಧಿಪತಿಗೂ ಇದೇ ಉತ್ತರ. ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಆ ರಾತ್ರಿ ಗಿರಾಕಿ ಪರ್ಸ್ ತೆಗೆಯುವುದಿಲ್ಲ. ಊಟ, ಸಾಕೆ, ಗೇಕೊಗಳ ಸಮಯ, ವಾಪಸ್ ಹೋಗುವ ಟ್ಯಾಕ್ಸಿ ಎಲ್ಲಾ ಓಚಾಯಾದವರೇ ಕೊಟ್ಟು ಆಮೇಲೆ ಬಿಲ್ ಕಳಿಸುತ್ತಾರೆ. ಅವನು ಕೊಡದಿದ್ದರೆ ಪರಿಚಯ ಮಾಡಿಸಿದವನು ಕೊಡಬೇಕು. ಎಲ್ಲಾ ಸಾಲದ ಮೇಲೆ, ಮುಖ ನೋಡಿ ನಡೆಯುವ ವ್ಯವಹಾರ. ಗೊತ್ತಿಲ್ಲದ ಮುಖಕ್ಕೆ ಯಾರು ಸಾಲ ಕೊಡುತ್ತಾರೆ ಹೇಳಿ.

ಹಾಗಾದ್ರೆ ಪರಿಚಯ ಇಲ್ಲದ ನಮ್ಮಂಥವರಿಗೆ ದಾರಿನೇ ಇಲ್ವಾ?

ಇದೆ, ಬೀದಿಯಲ್ಲಿ ಕಾಯುವುದಕ್ಕಿಂತ ಸಾವಿರ ಪಾಲು ಒಳ್ಳೆಯ ದಾರಿಗಳು. ವರ್ಷಕ್ಕೊಮ್ಮೆ ಪ್ರತಿ ಹನಮಾಚಿಯೂ ಸಾರ್ವಜನಿಕ ನೃತ್ಯೋತ್ಸವ ನಡೆಸುತ್ತದೆ. ಗಿಯೋನ್ ಕೋಬು ನಡೆಸುವ ಮಿಯಾಕೊ ಓಡೊರಿ ಏಪ್ರಿಲ್ ತಿಂಗಳಲ್ಲಿ. ಪೊಂಟೊಚೊದ ಕಮೊಗವಾ ಓಡೊರಿ ಮೇ ತಿಂಗಳಲ್ಲಿ. ಗಿಯೋನ್ ಹಿಗಾಶಿಯದು ನವೆಂಬರ್ ಮೊದಲಲ್ಲಿ. ನಿಮ್ಮ ಟ್ರಿಪ್ ಚೆರ್ರಿ ಹೂವಿನ ಕಾಲಕ್ಕೆ ಇದ್ದರೆ ಮಿಯಾಕೊ ಓಡೊರಿ ಬಿಡಬೇಡಿ.

ಬೇರೆ ತಿಂಗಳಾದರೆ ಗಿಯೋನ್ ಕಾರ್ನರ್ ಇದೆ. ಟೂರಿಸ್ಟ್‌ಗಳಿಗೆಂದೇ ಮಾಡಿದ ಒಂದು ಗಂಟೆಯ ಕಾರ್ಯಕ್ರಮ: ಗೊಂಬೆಯಾಟ, ಕೋತೊ ವಾದ್ಯ, ಹಾಸ್ಯನಾಟಕ, ಮೈಕೊ ನೃತ್ಯ ಹೀಗೆ ಎಲ್ಲದರ ಚೂರು ಚೂರು. ರುಚಿ ಸಿಗುತ್ತದೆ, ಹೊಟ್ಟೆ ತುಂಬುವುದಿಲ್ಲ. ಬೇಸಿಗೆಯಲ್ಲಿ ಕಮಿಶಿಚಿಕೆನ್‌ನಲ್ಲಿ ಬಿಯರ್ ಗಾರ್ಡನ್ ತೆರೆಯುತ್ತಾರೆ. ಅಲ್ಲಿ ಹತ್ತಿಯ ಯುಕತಾ ಉಟ್ಟ ಗೇಕೊ, ಮೈಕೊ ಟೇಬಲ್ ಟೇಬಲಿಗೆ ಬಂದು ಮಾತಾಡಿಸುತ್ತಾರೆ. ಫೆಬ್ರವರಿ 25ಕ್ಕೆ ಕ್ಯೋಟೊದಲ್ಲಿದ್ದರೆ ಕಿತಾನೊ ತೆನ್ಮಾಂಗು ದೇವಸ್ಥಾನಕ್ಕೆ ಹೋಗಿ. ಪ್ಲಮ್ ಹೂವಿನ ಹಬ್ಬದ ದಿನ ಕಮಿಶಿಚಿಕೆನ್‌ನವರೇ ಅಲ್ಲಿ ಚಹಾ ಕೊಡುತ್ತಾರೆ. ಹಣ ಹೆಚ್ಚು ಖರ್ಚಾದರೂ ಪರವಾಗಿಲ್ಲ ಅನ್ನುವವರು ಒಳ್ಳೆಯ ಹೋಟೆಲಿನ ಮೂಲಕ ಖಾಸಗಿ ಕೂಟ ಏರ್ಪಾಡು ಮಾಡಿಸಬಹುದು, ಹತ್ತಾರು ಸಾವಿರ ಯೆನ್ ಆಗುತ್ತದೆ.

ಭಾಷೆ ಬರದೆ ಮಿಯಾಕೊ ಓಡೊರಿ ನೋಡಿದ್ರೆ ಅರ್ಥ ಆಗುತ್ತಾ?

ಹಾಡಿನ ಸಾಹಿತ್ಯ ಜಪಾನಿಯರಿಗೇ ಪೂರ್ತಿ ಅರ್ಥವಾಗುವುದಿಲ್ಲ. ಆ ಚಿಂತೆ ಬಿಡಿ.

ಶುರುವಾಗುವುದು ಹೀಗೆ. ದೀಪ ಆರುತ್ತದೆ. ಪರದೆಯ ಹಿಂದಿನಿಂದ ಒಂದು ಕೂಗು ಬರುತ್ತದೆ, "ಮಿಯಾಕೊ ಓಡೊರಿ ವಾ..." ಅಂತ. ಅದಕ್ಕೆ ಹತ್ತಾರು ಹೆಣ್ಣುದನಿಗಳು ಒಟ್ಟಿಗೆ "ಯೋಯಿ ಯಾಸಾ!" ಅನ್ನುತ್ತವೆ. ಸಭಾಂಗಣದ ಎರಡೂ ಬದಿಯಲ್ಲಿ ಪ್ರೇಕ್ಷಕರ ನಡುವೆ ಹಾದುಹೋಗುವ ಕಿರುದಾರಿಗಳಿವೆ. ಅವುಗಳಿಂದ ತಿಳಿನೀಲಿ ಕಿಮೋನೊ ಉಟ್ಟವರು ಸಾಲಾಗಿ ಬರುತ್ತಾರೆ, ಕೈಯಲ್ಲಿ ಚೆರ್ರಿ ಹೂವಿನ ಮತ್ತು ವಿಲ್ಲೊ ಎಲೆಯ ಬೀಸಣಿಗೆ. ಒಂದು ಗಂಟೆ, ಎಂಟು ದೃಶ್ಯ. ನಡುವೆ ಒಮ್ಮೆಯೂ ಪರದೆ ಬೀಳುವುದಿಲ್ಲ. ಕಣ್ಣೆದುರಲ್ಲೇ ಚಳಿಗಾಲ ಬಂದು ಹೋಗಿ ಮತ್ತೆ ವಸಂತ ಬರುತ್ತದೆ.

ಭರತನಾಟ್ಯ ನೋಡಿದ ಕಣ್ಣಿಗೆ ಮೊದಲು ಸ್ವಲ್ಪ ಸಪ್ಪೆ ಅನ್ನಿಸಬಹುದು. ಮುಖದಲ್ಲಿ ಭಾವವೇ ಇಲ್ಲ, ಅಲ್ವಾ? ಇಲ್ಲಿಯದು ಇನೋಯೆ ಶೈಲಿ. ಮುಖ ನಿಶ್ಚಲ, ಸೊಂಟ ತಗ್ಗು, ಎಲ್ಲ ಭಾವವೂ ಕತ್ತಿನ ಸಣ್ಣ ತಿರುವಿನಲ್ಲಿ, ಬೀಸಣಿಗೆಯ ಕೋನದಲ್ಲಿ. 'ನೋ' ಅನ್ನುವ ಹಳೆಯ ಮುಖವಾಡ ನಾಟಕದ ಪ್ರಭಾವ ಇದರ ಮೇಲೆ ಗಾಢವಾಗಿದೆ. ಹಿಂದಿನ ಸಾಲಿನ ಟಿಕೆಟ್ ಕಡಿಮೆ ಬೆಲೆಗೆ ಸಿಗುತ್ತದೆ, ಆದರೂ ಕೈಲಾದರೆ ಹತ್ತಿರದ್ದೇ ತೆಗೆದುಕೊಳ್ಳಿ.

ಇದು ತುಂಬಾ ಪುರಾತನ ಸಂಪ್ರದಾಯನಾ?

ಮಿಯಾಕೊ ಓಡೊರಿ ಶುರುವಾದದ್ದು 1872ರಲ್ಲಿ. 1869ರಲ್ಲಿ ರಾಜಧಾನಿ ಟೋಕಿಯೊಗೆ ಹೋಯಿತು. ಚಕ್ರವರ್ತಿ ಹೋದರು, ಆಸ್ಥಾನದವರು ಹೋದರು, ಊರು ಬಡವಾಯಿತು. ಕ್ಯೋಟೊವನ್ನು ಎತ್ತಿ ನಿಲ್ಲಿಸಲು ಒಂದು ದೊಡ್ಡ ವಸ್ತುಪ್ರದರ್ಶನ ಇಟ್ಟರು. ಅದಕ್ಕೆ ಬಂದವರನ್ನು ಸೆಳೆಯಲು ಈ ನೃತ್ಯ. ಇಚಿರಿಕಿಯ ಯಜಮಾನ ಸುಗಿಯುರಾ ಜಿರೊಎಮೊನ್ ಮತ್ತು ನೃತ್ಯಗುರು ಮೂರನೇ ಇನೋಯೆ ಯಾಚಿಯೊ ಸೇರಿ ರೂಪಿಸಿದರು. ಅಲ್ಲಿಯವರೆಗೆ ನಾಲ್ಕು ಗೋಡೆಯೊಳಗೆ ನಾಲ್ಕು ಜನಕ್ಕೆ ತೋರಿಸುತ್ತಿದ್ದ ನೃತ್ಯ ಆಗ ದೊಡ್ಡ ರಂಗಕ್ಕೆ ಬಂತು. ಅಂದರೆ ಮೊದಲ ದಿನದಿಂದಲೂ ಇದು ಹೊರಗಿನವರಿಗಾಗಿಯೇ ಮಾಡಿದ್ದು. ಟಿಕೆಟ್ ಕೊಂಡು ನೋಡುವುದರಲ್ಲಿ ಏನೂ ಕಮ್ಮಿಯಿಲ್ಲ.

ಓಚಾಯಾ ಕೂಟದಲ್ಲಿ ನಿಜಕ್ಕೂ ಏನು ನಡೆಯುತ್ತೆ?

ಊಟ, ಮಾತು, ಒಂದೆರಡು ನೃತ್ಯ, ಆಮೇಲೆ ಆಟ. ಗಂಭೀರವಾಗಿರುತ್ತದೆ ಅಂದುಕೊಂಡು ಹೋದವರಿಗೆ ಆಟ ನೋಡಿ ಆಶ್ಚರ್ಯವಾಗುತ್ತದೆ. 'ಕೊಂಪಿರಾ ಫುನೆ ಫುನೆ' ಅಂತ ಒಂದಿದೆ. ಇಬ್ಬರ ನಡುವೆ ಸಣ್ಣ ಮೇಜು, ಮೇಲೊಂದು ಪುಟ್ಟ ಬಟ್ಟಲಿನಂಥ ವಸ್ತು. ಶಮಿಸೆನ್ ತಾಳಕ್ಕೆ ಸರಿಯಾಗಿ ಒಬ್ಬರಾದ ಮೇಲೊಬ್ಬರು ಕೈಯಿಡಬೇಕು. ಬಟ್ಟಲು ಇದ್ದರೆ ಅಂಗೈ ಬಿಚ್ಚಿ, ಎದುರಿನವರು ಅದನ್ನು ಎತ್ತಿಕೊಂಡಿದ್ದರೆ ಮುಷ್ಟಿ ಕಟ್ಟಿ. ತಾಳ ಜೋರಾಗುತ್ತಾ ಹೋಗುತ್ತದೆ. ತಪ್ಪಿದವರು ಕುಡಿಯಬೇಕು. ಮೈಕೊ ತಪ್ಪುವುದು ಅಪರೂಪ. ಮದ್ಯ ಮುಟ್ಟದವರು ಚಹಾ ಹಿಡಿದು ಕೂತರೂ ಯಾರೂ ಏನೂ ಅನ್ನುವುದಿಲ್ಲ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಮೈಕೊ ಆಗೋದು ಹೇಗೆ? ಎಷ್ಟು ವರ್ಷ ಕಲೀಬೇಕು?

ಜೂನಿಯರ್ ಹೈಸ್ಕೂಲ್ ಮುಗಿದ ಮೇಲೆ, 15ರ ಹೊತ್ತಿಗೆ, ಓಕಿಯಾ ಸೇರುತ್ತಾರೆ. ಮೊದಲ ಒಂದು ವರ್ಷದಷ್ಟು ಕಾಲ 'ಶಿಕೊಮಿ'. ಮನೆಗೆಲಸ, ನೃತ್ಯಪಾಠ, ಕ್ಯೋಟೊದ ಮಾತಿನ ಧಾಟಿ. ಥ್ಯಾಂಕ್ಸ್‌ಗೆ 'ಅರಿಗಾತೊ' ಅನ್ನುವುದು ಮರೆತು 'ಓಕಿನಿ' ಅನ್ನಲು ಕಲಿಯಬೇಕು. ಆಮೇಲೆ ಒಂದು ತಿಂಗಳು ಓಚಾಯಾದಲ್ಲಿ ಕೂತು ನೋಡಿ ಕಲಿಯುವುದು. ನಂತರ ರಂಗಪ್ರವೇಶ, ಅಂದರೆ 'ಮಿಸೆದಾಶಿ'. ನಾಲ್ಕೈದು ವರ್ಷ ಮೈಕೊ ಆಗಿದ್ದು, 20ರ ಆಸುಪಾಸಿನಲ್ಲಿ ಕೆಂಪು ಕೊರಳಪಟ್ಟಿ ತೆಗೆದು ಬಿಳಿ ಹಾಕಿದರೆ ಗೇಕೊ. ಎಲ್ಲರೂ ಅಲ್ಲಿಯವರೆಗೆ ಉಳಿಯುವುದಿಲ್ಲ. ಬಹಳ ಜನ ಮಧ್ಯದಲ್ಲೇ ಬಿಟ್ಟು ಓದಿಗೋ ಮದುವೆಗೋ ಹೋಗುತ್ತಾರೆ.

ಮನೆಯ ಯಜಮಾನಿಯನ್ನು 'ಅಮ್ಮ' ಅನ್ನಬೇಕು, ಹಿರಿಯರನ್ನು 'ಅಕ್ಕ'. ಕೂದಲು ಕಟ್ಟಿಸುವುದು ವಾರಕ್ಕೊಮ್ಮೆ, ಹಾಗಾಗಿ ಕೆಡದಂತೆ ಮರದ ಬುಡದ ಎತ್ತರದ ದಿಂಬಿನ ಮೇಲೆ ಕತ್ತಿಟ್ಟು ಮಲಗುತ್ತಾರೆ. ತಲೆಯ ಹೂವು ತಿಂಗಳಿಗೊಂದು: ಜನವರಿಗೆ ಭತ್ತದ ತೆನೆ, ಏಪ್ರಿಲ್‌ಗೆ ಚೆರ್ರಿ, ನವೆಂಬರ್‌ಗೆ ಮೇಪಲ್ ಎಲೆ. ಪಾಠ ನಿವೃತ್ತಿಯವರೆಗೂ ನಿಲ್ಲುವುದಿಲ್ಲ. ಗಿಯೋನ್ ಕೋಬುವಿನ ಶಾಲೆಯಲ್ಲಿ ಹದಿನಾರರ ಹುಡುಗಿಯೂ ಅಜ್ಜಿ ವಯಸ್ಸಿನ ಗೇಕೊ ಕೂಡ ಒಂದೇ ಶಾಲೆಯ ವಿದ್ಯಾರ್ಥಿಗಳು.

ಹದಿನಾರು ವರ್ಷದ ಹುಡುಗಿ ರಾತ್ರಿ ಗಂಡಸರಿಗೆ ಸಾಕೆ ಸುರಿಯೋದು ಸರೀನಾ?

ಈ ಪ್ರಶ್ನೆ ಜಪಾನಿನಲ್ಲೂ ಎದ್ದಿದೆ. 2022ರಲ್ಲಿ ಮಾಜಿ ಮೈಕೊ ಒಬ್ಬರು ಚಿಕ್ಕ ವಯಸ್ಸಿನಲ್ಲೇ ತಮಗೆ ಮದ್ಯ ಕುಡಿಸಿದರು, ಗಿರಾಕಿಗಳಿಂದ ಕಿರುಕುಳ ಆಯಿತು ಅಂತ ಬಹಿರಂಗವಾಗಿ ಬರೆದರು. ದೊಡ್ಡ ಚರ್ಚೆಯಾಯಿತು. ಅಲ್ಲಿ ಮದ್ಯಕ್ಕೆ ಕಾನೂನಿನ ವಯಸ್ಸು 20. ಮೈಕೊಗಳಿಗೆ ಸಾಮಾನ್ಯ ಅರ್ಥದ ಸಂಬಳವೂ ಇಲ್ಲ: ಊಟ, ವಸತಿ, ಪಾಠ, ಕಿಮೋನೊ ಎಲ್ಲ ಓಕಿಯಾ ಕೊಡುತ್ತದೆ, ಬದಲಿಗೆ ಕರಾರಿನ ವರ್ಷಗಳಷ್ಟು ದುಡಿಯಬೇಕು, ಕೈಗೆ ಪಾಕೆಟ್ ಮನಿ. "ಇದು ಕಲಾಶಿಕ್ಷಣ" ಅನ್ನುವವರೂ ಇದ್ದಾರೆ, "ಇದು ದುಡಿಮೆ, ಕಾರ್ಮಿಕ ಕಾನೂನು ಅನ್ವಯಿಸಲಿ" ಅನ್ನುವವರೂ ಇದ್ದಾರೆ. ನನಗೆ ಎರಡನೆಯವರ ಮಾತು ಸರಿ ಅನ್ನಿಸುತ್ತದೆ. ಕಲೆ ದೊಡ್ಡದು ಅನ್ನುವ ಕಾರಣಕ್ಕೆ ಕಲಿಯುವ ಹುಡುಗಿಯ ರಕ್ಷಣೆ ಚಿಕ್ಕದಾಗಬೇಕಿಲ್ಲ.

ನಮ್ಮ ದೇವದಾಸಿ ಪದ್ಧತಿ ಥರಾನೇ ಅಲ್ವಾ ಇದು?

ಹೋಲಿಕೆ ಇದೆ, ಆದರೆ ಬೇಗ ಮುರಿಯುತ್ತದೆ. ಗೇಶಾಗಳನ್ನು ಯಾವ ದೇವರಿಗೂ ಬಿಡುವುದಿಲ್ಲ, ಅವರು ದೇವಸ್ಥಾನದ ಸೇವೆಯವರೂ ಅಲ್ಲ. ಜಾತಿಯ ನಂಟೂ ಇಲ್ಲ. ಒಂದೇ ಒಂದು ವಿಷಯದಲ್ಲಿ ಎರಡೂ ಹತ್ತಿರ ಬರುತ್ತವೆ: ಸಂಗೀತ, ನೃತ್ಯ ಹೆಂಗಸರ ಮನೆಗಳಲ್ಲಿ, ಹೆಂಗಸರಿಂದ ಹೆಂಗಸರಿಗೆ ದಾಟಿ ಬಂತು. ನಮ್ಮಲ್ಲಿ ಆ ಮನೆತನಗಳಿಂದ ಕಲೆ ಬೇರೆಯವರ ಕೈಗೆ ಹೋಯಿತು. ಹೆಣ್ಣುಮಕ್ಕಳ ಶೋಷಣೆ ಮಾತ್ರ ಉಳಿದುಕೊಂಡು, 1982ರಲ್ಲಿ ಕರ್ನಾಟಕ ಅದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಕ್ಯೋಟೊದಲ್ಲಿ ಕಲೆ, ವೇದಿಕೆ, ಮನೆ ಮೂರೂ ಅವರ ಬಳಿಯೇ ಉಳಿದವು. ಓಚಾಯಾ, ಓಕಿಯಾ ನಡೆಸುವವರು ಈಗಲೂ ಬಹುಪಾಲು ಹೆಂಗಸರೇ.

ಗಿಯೋನ್ ತುಂಬಾ ರಶ್ ಅಂತಾರೆ. ಬೇರೆ ಕಡೆ ಇದೇ ಥರ ಇದ್ಯಾ?

ಕ್ಯೋಟೊದೊಳಗೇ ಆದರೆ ಕಮಿಶಿಚಿಕೆನ್. ಐದರಲ್ಲಿ ಅತಿ ಹಳೆಯದು, ಊರಿನ ವಾಯವ್ಯ ಮೂಲೆಯಲ್ಲಿದೆ. ಟೂರ್ ಬಸ್ಸುಗಳ ಕಾಟ ಕಡಿಮೆ.

ಓಚಾಯಾ ಒಳಗೆ ಹೇಗಿರುತ್ತದೆ ಅಂತ ನೋಡಲೇಬೇಕು ಅನ್ನುವವರು ಕನಝಾವಾ ನಗರಕ್ಕೆ ಹೋಗಿ. ಅಲ್ಲಿನ ಹಿಗಾಶಿ ಚಾಯಾ ಬಡಾವಣೆಯಲ್ಲಿ 'ಶಿಮಾ' ಅನ್ನುವ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆ. 1820ರಲ್ಲಿ ಕಟ್ಟಿದ್ದು, ಹೆಚ್ಚು ಬದಲಾಗಿಲ್ಲ. ಅತಿಥಿಗಳು ಕೂರುತ್ತಿದ್ದ ಮಹಡಿ ಕೋಣೆ, ಅದರ ಪಕ್ಕದಲ್ಲೇ ನೃತ್ಯದ ಕೋಣೆ, ಕೆಳಗೆ ಅಡುಗೆಮನೆ, ಬಾವಿ, ಬಾಚಣಿಗೆ, ಶಮಿಸೆನ್ ಮೀಟುವ ಕಡ್ಡಿ, ಎಲ್ಲಾ ನಿಧಾನವಾಗಿ ನೋಡಬಹುದು. ಶೂ ಬಿಚ್ಚಿ ಒಳಗೆ ಹೋಗಬೇಕು, ದೊಡ್ಡ ಬ್ಯಾಗ್ ಇದ್ದರೆ ಸ್ಟೇಷನ್ ಲಾಕರಿನಲ್ಲಿ ಇಟ್ಟು ಬನ್ನಿ. ಕ್ಯೋಟೊದಿಂದ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಜಾಸ್ತಿ. 2024ರಿಂದ ತ್ಸುರುಗಾ ಸ್ಟೇಷನ್ನಿನಲ್ಲಿ ಇಳಿದು ಶಿಂಕಾನ್ಸೆನ್‌ಗೆ, ಅಂದರೆ ಬುಲೆಟ್ ಟ್ರೇನಿಗೆ, ಬದಲಾಯಿಸಬೇಕು, ಟಿಕೆಟ್ ತೆಗೆಯುವಾಗ ಎರಡೂ ರೈಲಿಗೆ ಒಟ್ಟಿಗೆ ಸೀಟು ಕೇಳಿ.